ಪೇಟಿಯಲ್ಲಿ ಇಲ್ಲದ ನಾಲ್ಕು ಸ್ವರ

ಗಂಗಾವತಿಯ ಅಕ್ಕಿ ವ್ಯಾಪಾರಿ ದೊಡ್ಡಬಸಪ್ಪನಿಗೆ ತನ್ನ ಕಿವಿಯ ಮೇಲೆ ವಿಪರೀತ ಭರವಸೆ. ಒಂದು ಹಿಡಿ ಅಕ್ಕಿಯನ್ನು ಮೊರಕ್ಕೆ ಸುರಿದ ಸಪ್ಪಳ ಕೇಳಿಯೇ ಹಳೆಯದೋ ಹೊಸದೋ ಹೇಳಿಬಿಡುತ್ತಿದ್ದ. ಮನೆಯ ಸೋಮವಾರದ ಭಜನೆಯಲ್ಲಿ ಯಾರಾದರೂ ಶ್ರುತಿ ಬಿಟ್ಟರೆ ಹಾಡುತ್ತಲೇ ಅವರ ಕಡೆ ತಿರುಗಿ ಹುಬ್ಬು ಗಂಟು ಹಾಕುತ್ತಿದ್ದ. ಅಂಥವನ ಮನೆಯಲ್ಲೇ, ಯುದ್ಧ ಮುಗಿದ ಮರುವರ್ಷದ ಆಷಾಢದಲ್ಲಿ, ಅವನ ಸ್ವಂತ ಹಾರ್ಮೋನಿಯಂ ಪೇಟಿಯಿಂದ ತಲೆಬುಡವಿಲ್ಲದ ಸ್ವರಗಳು ಹೊರಬೀಳತೊಡಗಿದವು. ಬಾರಿಸುತ್ತಿದ್ದವನು ಅವನ ಕಿರಿಯ ಮಗ ಹಂಪಣ್ಣ.

ಬೇರೆ ಯಾರಾದರೂ ಹಾಗೆ ಬಾರಿಸಿದ್ದರೆ ದೊಡ್ಡಬಸಪ್ಪ ಪೇಟಿ ಕಸಿದು ಒಳಗಿಡುತ್ತಿದ್ದ. ಮಗನಿಗೆ ಏನೂ ಅನ್ನಲಿಲ್ಲ. ಅನ್ನಲು ಧೈರ್ಯ ಸಾಲಲಿಲ್ಲ ಎಂದರೂ ನಡೆದೀತು. ಕೆಲವು ವರ್ಷಗಳ ಹಿಂದೆ ಇದೇ ಪಡಸಾಲೆಯಲ್ಲಿ ನಿಂತು, "ಪೇಟಿ ಬೇಕೋ ಅಂಗಡಿ ಬೇಕೋ, ಒಂದು ಹೇಳು" ಎಂದು ಮಗನ ಮೇಲೆ ಕೂಗಾಡಿದ್ದ. ಮಗ ಯಾವುದನ್ನೂ ಹೇಳದೆ ಒಂದು ನಾಟಕ ಕಂಪನಿಯ ಬೆನ್ನು ಹತ್ತಿ ಊರು ಬಿಟ್ಟ. ಅಲ್ಲಿಂದ ಮುಂಬೈ ಸೇರಿ, ಸಿನಿಮಾ ಕಂಪನಿಯ ವಾದ್ಯಮೇಳದಲ್ಲಿ ಪೇಟಿ ಬಾರಿಸುವ ಕೆಲಸ ಹಿಡಿದ. ಬಾರಿಸಲು ಕಂಪನಿಯ ಪೇಟಿ. ತನ್ನದೆಂಬುದು ಒಂದು ಟ್ರಂಕು ಮಾತ್ರ. ಈಗ ಕಾಮಾಲೆ ಹತ್ತಿ, ಕಣ್ಣು ಅರಿಷಿಣವಾಗಿ, ಆ ಟ್ರಂಕು ಹಿಡಿದು ಬಸ್ಸಿನಿಂದ ಇಳಿದಿದ್ದ. ದೊಡ್ಡಬಸಪ್ಪ ಅವತ್ತು ಹಿತ್ತಲಿಗೆ ಹೋಗಿ ಮುಖ ತೊಳೆಯುವ ನೆವದಲ್ಲಿ ಅತ್ತುಬಂದ. ಮಗನನ್ನು ಮನೆಗೆ ಕರೆತಂದ ಆ ಕಾಮಾಲೆಗೆ ಕೈಮುಗಿಯುವುದೊಂದು ಬಾಕಿ.

ಹಾಗಾಗಿ ಮಗ ಏನು ಬಾರಿಸಿದರೂ ಸರಿ, ಮನೆಯಲ್ಲಿ ಬಾರಿಸಿದರೆ ಸಾಕು ಎಂದು ತಂದೆ ಹಲ್ಲು ಕಚ್ಚಿ ಕೂತಿದ್ದ. ಮಗನೂ ಅಪ್ಪನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ. ಹೌದ್ರಿ, ಇಲ್ರಿ, ಆತ್ರಿ. ಅದರಾಚೆ ಮಾತು ಹೋಗುತ್ತಿರಲಿಲ್ಲ.

ಉಳಿದವರು ಹಲ್ಲು ಕಚ್ಚುವವರಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹಿರಿಯ ಮಗ ಈಶಪ್ಪ ಮಾತು ತೆಗೆದ. ಅಂಗಡಿಯ ಭಾರವೆಲ್ಲ ಅವನ ಮೇಲೆಯೇ ಇತ್ತು.

"ಗಿರಾಕಿ ಕೇಳಾಕತ್ಯಾರ, ನಿಮ್ಮ ಮನ್ಯಾಗ ಪೇಟಿ ಯಾರ ಕೈಯಾಗ ಸಿಕ್ಕೈತಿ ಅಂತ. ನಾ ಏನ ಹೇಳ್ಲಿ?"

"ಹಂಪಣ್ಣನ ಕೈಯಾಗ ಅಂತ ಹೇಳು," ಎಂದಳು ತಾಯಿ ಗುರುಲಿಂಗಮ್ಮ, ಕಿರಿಯ ಮಗನ ತಾಟಿಗೆ ಮಜ್ಜಿಗೆ ಅನ್ನ ಹಾಕುತ್ತ. ಕಾಮಾಲೆಯವನಿಗೆ ಎಣ್ಣೆ ಇಲ್ಲ, ಖಾರ ಇಲ್ಲ. ಅವನ ಮುಂದೆ ತಾವು ಎಣ್ಣೆಗಾಯಿ ತಿನ್ನುವುದಕ್ಕೆ ಎಲ್ಲರಿಗೂ ಸಂಕೋಚವಾಗಿ, ಮನೆಮಂದಿಯೆಲ್ಲ ಸಪ್ಪೆ ಉಣ್ಣುತ್ತಿದ್ದರು. ಈಶಪ್ಪನ ಸಿಟ್ಟಿಗೆ ಅದೂ ಒಂದು ಕಾರಣವಿದ್ದೀತು.

ದೊಡ್ಡಬಸಪ್ಪನ ತಾಯಿ ಬಸವಣ್ಣೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳಿಗೆ ಕಣ್ಣು ಮಂದವಾಗಿತ್ತು, ನಾಲಿಗೆ ಆಗಿರಲಿಲ್ಲ. "ಏ ಹಂಪಣ್ಣ, ನಸುಕಿನಿಂದ ಕೇಳಾಕತ್ತೀನಿ. ಅದು ಹಾಡೇನಪಾ, ಇಲ್ಲಾ ಯಾರನ್ನರ ಬಯ್ಯಾಕತ್ತೀ?"

ಹಂಪಣ್ಣ ನಕ್ಕ. ಬಂದಮೇಲೆ ಅವನು ನಕ್ಕದ್ದು ಅದೇ ಮೊದಲು. "ಕಲಿಯಾಕತ್ತೀನಿ ಆಯಿ. ಮುಂಬಯಿದಾಗ ನಮ್ಮ ಮಾಸ್ತರ ಒಬ್ರು ಅದಾರ. ಆಸ್ಟ್ರಿಯಾ ಅಂತ ದೇಶದಾವ್ರು, ವಯಸ್ಸಾದಾವ್ರು. ಹಿಟ್ಲರನ ಕಾಟಕ್ಕ ಊರು ಬಿಟ್ಟು ಬಂದಾವ್ರು. ಅವ್ರು ಕಲಿಸೂ ಸಂಗೀತಕ್ಕ ಷಡ್ಜ ಅನ್ನೂದು ಇಲ್ಲ."

ದೊಡ್ಡಬಸಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಷಡ್ಜವಿಲ್ಲದ ಸಂಗೀತ ಎಂದರೆ ಅಕ್ಕಿಯಿಲ್ಲದ ಅನ್ನ ಎಂದು ಹೇಳಬೇಕೆನಿಸಿತು. ಹೇಳದೆ ನುಂಗಿದ.

"ಮತ್ತ ಹಾಡು ಎಲ್ಲಿಗೆ ಬಂದು ನಿಂದ್ರತೈತಿ?" ಎಂದು ಕೇಳಿದಳು ಗುರುಲಿಂಗಮ್ಮ.

"ಎಲ್ಲಿ ಬೇಕಾದ್ರೂ ನಿಂದ್ರಬಹುದು ಅವ್ವಾ. ಪೇಟಿಯಾಗ ಹನ್ನೆರಡು ಸ್ವರ ಅದಾವಲ್ಲ, ಅದರಾಗ ಒಂದು ದೊಡ್ಡದು, ಒಂದು ಸಣ್ಣದು ಅನ್ನೂದಿಲ್ಲ. ಹನ್ನೆರಡೂ ಬಂದು ಹೋಗೂತನಕ ಒಮ್ಮೆ ಬಂದದ್ದು ಮತ್ತ ಬರಬಾರದು."

"ಪಂಕ್ತಿ ಬಡಿಸಿದಂಗ ಅನ್ನು," ಎಂದಳು ಗುರುಲಿಂಗಮ್ಮ. "ಎಲ್ಲಾರಿಗೂ ಒಂದು ಸುತ್ತು ಆಗೂತನಕ ಯಾರಿಗೂ ಎರಡನೇ ಸಲ ಹಾಕೂದಿಲ್ಲ."

ಹಂಪಣ್ಣ ಉಣ್ಣುವುದು ಬಿಟ್ಟು ತಾಯಿಯ ಮುಖ ನೋಡಿದ. "ಅಷ್ಟ ಅವ್ವಾ. ಅಷ್ಟ ನೋಡು."

ಆ ಮನೆಯಲ್ಲಿ ಯಾವಾಗಲೂ ಮೊದಲ ಸುತ್ತಿನಲ್ಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದ ದೊಡ್ಡಬಸಪ್ಪ ತನ್ನ ತಾಟನ್ನು ನೋಡಿಕೊಂಡ.

"ಅದಕ್ಕ ಇಷ್ಟು ಗಡಿಬಿಡಿ ಯಾಕ?" ಎಂದ ಈಶಪ್ಪ. "ಮೈ ಸುಧಾರಿಸಲಿ, ಆಮ್ಯಾಲ ಕಲಿ."

"ಶ್ರಾವಣ ಮುಗಿಯೂದರಾಗ ಮಾಸ್ತರ ಹಡಗು ಹತ್ತತಾರ ಅಣ್ಣಾ. ಇಂಗ್ಲಂಡದಾಗ ತಂಗಿ ಅದಾಳಂತ, ಆಕಿ ಕಡೆ ಹೊಂಟಾರ. ಹೋಗೂದರಾಗ ಒಂದು ನಿನ್ನ ಸ್ವಂತ ರಚನಾ ಮಾಡಿಕೊಂಡು ಬಾ, ಕೇಳಿ ಹೋಗತೀನಿ ಅಂದಾರ. ಇದನ್ನ ಕೇಳಿ, ಇದು ಸರಿ ಐತಿ, ಇದು ತಪ್ಪೈತಿ ಅಂತ ಹೇಳಾವ್ರು ನನಗ ಅವರೊಬ್ರ."

ಈ ಮಾತು ದೊಡ್ಡಬಸಪ್ಪನ ಎದೆಗೆ ನಾಟಿತು. ಆ ಪರದೇಶದ ಮುದುಕ ಕಲಿಸುತ್ತಿದ್ದುದು ಅವನಿಗೆ ಒಂದಿಷ್ಟೂ ತಿಳಿಯಲಿಲ್ಲ. ಆದರೆ ಮಗನಿಗೆ ಒಂದು ಕೆಲಸ ಶ್ರಾವಣದೊಳಗೆ ಆಗಬೇಕಾಗಿದೆ, ಅದು ಆಗದಿದ್ದರೆ ಮತ್ತೆ ಆಗುವುದಿಲ್ಲ ಎಂಬುದು ತಿಳಿಯಿತು. ಒಮ್ಮೆ ತಾನು ಅಡ್ಡ ನಿಂತದ್ದಾಗಿದೆ. ಈ ಸಲ ಮಗನಿಗೆ ಒಂದು ಕೈ ಹಚ್ಚಲೇಬೇಕು ಎಂದು ನಿಶ್ಚಯ ಮಾಡಿದ.

ಮರುದಿನ ಮಗ ಬಾರಿಸುತ್ತಿದ್ದಾಗ ಹತ್ತಿರ ಹೋಗಿ ಕೂತ. ಹಂಪಣ್ಣ ಪೇಟಿಯ ಒಂದು ಮನೆ ಒತ್ತುವುದು, ತಲೆ ಅಲ್ಲಾಡಿಸುವುದು, ಬಿಡುವುದು, ಮತ್ತೊಂದು ಒತ್ತುವುದು, ಹಣೆ ಹಿಡಿದುಕೊಳ್ಳುವುದು. ನೋಡಿ ನೋಡಿ ತಂದೆ ಕೇಳಿಯೇಬಿಟ್ಟ.

"ತ್ರಾಸ ಕೊಡಾಕತ್ಯಾವೇನು?"

ಅಪ್ಪ ತಾನಾಗಿ ಬಂದು ಸಂಗೀತದ ಮಾತು ಕೇಳಿದ್ದು ಹಂಪಣ್ಣನಿಗೆ ಹುಟ್ಟಿದಮೇಲೆ ಇದೇ ಮೊದಲು. ಅವನ ಮುಖ ಅರಳಿತು. "ನಾಕು ಅದಾವ್ರಿ ಅಪ್ಪಾ. ಕೋಮಲ ರಿಷಭ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಇವನ್ನ ಎಲ್ಲಿಟ್ರೂ ಷಡ್ಜಕ್ಕೋ ಪಂಚಮಕ್ಕೋ ಜಗ್ಗತಾವು. ಭಾಳ ಕಾಡತಾವು."

"ನಾಕ ಏನು?"

"ನಾಕ ರಿ."

ದೊಡ್ಡಬಸಪ್ಪ ಬೆರಳು ಮಡಚಿ ನಾಲ್ಕನ್ನೂ ನೆನಪಿಟ್ಟುಕೊಂಡು ಎದ್ದ. ಅವನಿಗೆ ಎಲ್ಲ ಸ್ಪಷ್ಟವಾಗಿತ್ತು. ಪೇಟಿ ಹಳೆಯದು, ತನ್ನದು; ಅದರಲ್ಲಿ ನಾಲ್ಕು ಸ್ವರ ಕೆಟ್ಟಿವೆ. ಹುಡುಗ ಅಪ್ಪನ ಪೇಟಿ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಲಾರದೆ ಷಡ್ಜ, ಪಂಚಮ ಎಂದು ಏನೇನೋ ಹೇಳುತ್ತಿದ್ದಾನೆ. ತನ್ನ ಕಿವಿ ಇಷ್ಟು ದಿನ ಹೇಳುತ್ತಿದ್ದದ್ದೂ ಅದನ್ನೇ ಅಲ್ಲವೇ.

ಅದೇ ವಾರ ಗುರುಲಿಂಗಮ್ಮ ಮಗನನ್ನು ಕಾಮಾಲೆಯ ಔಷಧಿಗೆಂದು ಆನೆಗೊಂದಿಗೆ ಕರೆದುಕೊಂಡು ಹೋದಳು. ಅವರ ಗಾಡಿ ಓಣಿ ದಾಟಿದ್ದೇ ತಡ, ದೊಡ್ಡಬಸಪ್ಪ ಪೇಟಿಯನ್ನು ಉಣ್ಣೆಯ ಧಾವಳಿಯಲ್ಲಿ ಸುತ್ತಿ ಕೊಪ್ಪಳದ ಬಸ್ಸು ಹತ್ತಿದ.

ಕೊಪ್ಪಳದಲ್ಲಿ ಪೇಟಿ ರಿಪೇರಿ ಎಂದರೆ ಹಸನಬೀ. ಗಂಡ ತೀರಿಕೊಂಡ ಮೇಲೆ ಅವನ ಉಳಿ, ಸುತ್ತಿಗೆ, ಅಂಟು ಎಲ್ಲವನ್ನೂ ತಾನೇ ಕೈಗೆತ್ತಿಕೊಂಡಿದ್ದಳು. ಅವಳು ಪೇಟಿ ಬಿಚ್ಚಿ, ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳನ್ನು ಒಂದೊಂದಾಗಿ ಮೀಟಿ ನೋಡಿದಳು.

"ಎಲ್ಲಾ ಛಲೋ ಅದಾವ್ರಿ ಸಾವುಕಾರ್ರ. ಜರ್ಮನ್ ಮಾಲು ಇದು. ಯುದ್ಧ ಹತ್ತಿದಾಗಿಂದ ಇಂಥಾ ಮಾಲು ಕಣ್ಣಿಗೆ ಬಿದ್ದಿಲ್ಲ."

"ನಿನಗ ಛಲೋ ಅನಸ್ತಾವು. ಬಾರಿಸಾವ್ಗ ಕಾಡಾಕತ್ಯಾವು. ನಾಕೂ ತಗದ ಬಿಡು."

"ತಗದ್ರ ಅಲ್ಲಿ ಬರೇ ಗಾಳಿ ಬರತೈತ್ರಿ. ಪೇಟಿ ಅರ್ಧಾ ಆಗತೈತಿ."

"ಹುಳುಕಹಲ್ಲು ಕೀಳಸಾಕ ಬಂದ್ರ ಬಾಯಿ ಖಾಲಿ ಆಗತೈತಿ ಅಂತ ಯಾರರ ಹೇಳ್ತಾರೇನು? ತಗಿಯವ್ವಾ. ಬೇಕಾದ್ರ ಕೂಲಿ ಬದಲಿಗೆ ಅವನ್ನ ನೀನ ಇಟಗೋ."

ಹಸನಬೀ ಉಳಿ ಎತ್ತಿಕೊಂಡಳು. ಅಂಥ ಮಾಲು ಮನೆ ಬಾಗಿಲಿಗೆ ಬಂದು, ಇಟ್ಟುಕೋ ಎಂದರೆ ಬೇಡ ಅನ್ನುವವರುಂಟೇ.

ಒಂದು ಮಾತು ಹೇಳಬೇಕು. ಭಜನೆಯ ಕೊನೆಗೆ ದೊಡ್ಡಬಸಪ್ಪ ಹಾಡುತ್ತಿದ್ದ ಭೈರವಿಯ ಪದಕ್ಕೆ ಈ ನಾಲ್ಕರಲ್ಲಿ ಎರಡು ಸ್ವರ ಬೇಕೇ ಬೇಕು. ಅದು ಅವನಿಗೆ ಪ್ರಾಣದಂಥ ಪದ. ಇನ್ನು ಅದನ್ನು ಪೇಟಿಯ ಮೇಲೆ ಹಾಡುವ ಹಾಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೀಳಿಸಿದ. ಮರಳಿ ಬರುವಾಗ ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಗನಿಗಾಗಿ ಏನೋ ಒಂದು ಬಿಟ್ಟುಕೊಟ್ಟೆ ಎಂಬ ಸಂತೋಷದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅಷ್ಟು ಸುಖವಾಗಿ ಅವನು ಎಷ್ಟೋ ವರ್ಷಗಳಿಂದ ಪ್ರಯಾಣ ಮಾಡಿರಲಿಲ್ಲ.

ಆನೆಗೊಂದಿಯಿಂದ ಬಂದ ಹಂಪಣ್ಣ ಪೇಟಿಯ ಮುಂದೆ ಕೂತು, ಮೊದಲ ಸಾಲು ಬಾರಿಸಿದ. ನಡುನಡುವೆ ಉಸ್, ಉಸ್ ಎಂದು ಗಾಳಿ ಹೋಯಿತು. ಮತ್ತೆ ಒತ್ತಿದ. ಬಗ್ಗಿ ಕಿವಿ ಕೊಟ್ಟ.

"ಅಪ್ಪಾ, ಇವು ಎಲ್ಲಿ?"

"ತಗಸೀನಿ," ಎಂದ ದೊಡ್ಡಬಸಪ್ಪ, ಮುಖದ ತುಂಬ ಹಿಗ್ಗು ತುಂಬಿಕೊಂಡು. "ಕಾಡತಾವು ಅಂದಿದ್ಯಲ್ಲ. ನಾಕೂ ತಗಸಿ ಬಿಟ್ಟೀನಿ. ಇನ್ನ ನಿಶ್ಚಿಂತಿಂದ ಬಾರ್ಸು."

ಹಂಪಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅವು ಕೆಟ್ಟಿರಲಿಲ್ರಿ. ಅವನ್ನ ಹೆಂಗ ಕುಂದರಸಬೇಕು ಅನ್ನೂದ ನನ್ನ ಪಾಠ ಇತ್ತು. ಹನ್ನೆರಡರಾಗ ನಾಕು ಹೋದ್ರ ನಾ ಏನ ಮಾಡ್ಲಿ? ತಲ್ಯಾಗ ಕೇಳಿ ಬರಿಯೂವಷ್ಟು ಇನ್ನೂ ಕಲ್ತಿಲ್ಲ ನಾನು." ಪೇಟಿ ಮುಚ್ಚುತ್ತ ಮತ್ತೂ ಹೇಳಿದ: "ಅಪ್ಪ ಕೇಳಾಕ ಬಂದಾನ ಅಂತ ಎಷ್ಟು ಖುಷಿ ಆಗಿತ್ತು ನನಗ."

ಎದ್ದು ಹೋದ. ಆ ರಾತ್ರಿ ಉಣ್ಣಲಿಲ್ಲ.

ಗುರುಲಿಂಗಮ್ಮ ಗಂಡನನ್ನು ಅಡುಗೆಮನೆಯ ಬಾಗಿಲಲ್ಲೇ ಹಿಡಿದಳು. "ಕೇಳಬೇಕೋ ಬ್ಯಾಡೋ ನೀವು? ಒಂದು ಮಾತು, ತಗಸಲೇನು ಅಂತ ಕೇಳಿದ್ರ ನಿಮ್ಮ ಗಂಟೇನು ಹೋಗತಿತ್ತು?"

"ಛಲೋ ಆಗಲಿ ಅಂತ ಮಾಡಿದೆ."

"ಆಗೂ ಛಲೋ ಆಗಲಿ ಅಂತನ ಮನಿ ಬಿಡಿಸಿದ್ರಿ."

ಅಚ್ಚರಿಯೆಂದರೆ ಅಪ್ಪನ ಪರವಾಗಿ ಬಂದದ್ದು ಈಶಪ್ಪ. "ಬಿಡಬೇ ಅವ್ವಾ. ಭೈರವಿ ಪದಾ ಬಿಟ್ಟು ಬಂದಾನ ಅಪ್ಪ. ಅದು ನಿನಗ ಗೊತ್ತಾಗೂದಿಲ್ಲ, ಹಂಪಣ್ಣಗ ಗೊತ್ತಾಗತೈತಿ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಊರ ಮಠದ ಪೇಟಿ ಕೇಳಲು ಹೊರಟ. ಶ್ರಾವಣವಿಡೀ ಎರಡೂ ಹೊತ್ತು ಭಜನೆ ಇದೆ, ಕೊಡಲಾಗದು ಎಂದರು ಮಠದವರು. ಇಲ್ಲದಿದ್ದರೂ ದೇವರ ಪೇಟಿಯಲ್ಲಿ ಅಂಥಾದ್ದು ಬಾರಿಸುವುದು ಬೇಡ ಎಂದೂ ಮೆಲ್ಲಗೆ ಸೇರಿಸಿದರು. ಊರಿಗೆಲ್ಲ ಸುದ್ದಿ ಮುಟ್ಟಿತ್ತು.

ಬೆಳಿಗ್ಗೆ ದೊಡ್ಡಬಸಪ್ಪ ಯಾರಿಗೂ ಹೇಳದೆ ಕೊಪ್ಪಳಕ್ಕೆ ಹೋದ. ಹಸನಬೀ ಹಣೆ ಚಚ್ಚಿಕೊಂಡಳು. "ನಾಟಕ ಕಂಪನಿಯಾವ್ರ ಪೇಟಿಗೆ ಹಾಕಿ ಕೊಟ್ಟೆನ್ರಿ. ಎಲಬುರ್ಗಿಯಾಗ ಆಟ ಐತಿ ಅವ್ರದು." ಎಲಬುರ್ಗಿಗೆ ಹೋದ. ಅಲ್ಲಿ ಆಟ ಮುಗಿದು ಕಂಪನಿ ಕುಷ್ಟಗಿಗೆ ಹೋಗಿತ್ತು. ಜಿಟಿಜಿಟಿ ಮಳೆಯಲ್ಲಿ ಯಾರದೋ ಗಾಡಿ ಹಿಡಿದು ಕುಷ್ಟಗಿ ಮುಟ್ಟಿದರೆ, ತಂಬು ಹಾಕಿದ್ದ ಬಯಲಿನಲ್ಲಿ ಗೂಟ ಕಿತ್ತ ಕುಣಿಗಳಷ್ಟೇ ಉಳಿದಿದ್ದವು. ನಿಜಾಮರ ಸೀಮೆ ದಾಟಿ ಬಾಗಲಕೋಟೆ ಕಡೆ ಹೋದರು ಎಂದು ಚಹದಂಗಡಿಯವನು ಹೇಳಿದ. ಬಾಗಲಕೋಟೆಯಲ್ಲಿ ಎಲ್ಲಿ ಎಂದರೆ ಅವನಿಗೂ ಗೊತ್ತಿಲ್ಲ. ದೊಡ್ಡಬಸಪ್ಪ ಆ ಬಯಲಿನಲ್ಲಿ ತೊಯ್ಯುತ್ತ ನಿಂತು, ತನ್ನ ಬುದ್ಧಿಯನ್ನು ತಾನೇ ಶಪಿಸಿಕೊಂಡ. ಸಂತೆಯಲ್ಲಿ ಒಂದಿಷ್ಟು ದಾಳಿಂಬೆ ಕೊಂಡ. ಕಾಮಾಲೆಗೆ ಒಳ್ಳೆಯದು ಎಂದು ಯಾರೋ ಹೇಳಿದ್ದರು.

ಮನೆಗೆ ಬಂದಾಗ ಅವನಿಗೆ ಮೈ ಬೆಚ್ಚಗಾಗಿತ್ತು, ದನಿ ಬಿದ್ದಿತ್ತು. ಹಣ್ಣಿನ ಗಂಟನ್ನು ಮಗನ ಮುಂದೆ ಇಟ್ಟ.

"ಸಿಗಲಿಲ್ಲಪಾ. ಕುಷ್ಟಗಿತನಕ ಹೋಗಿದ್ದೆ."

ಹಂಪಣ್ಣ ಕೆಸರು ಹತ್ತಿದ ಅಪ್ಪನ ಧೋತರವನ್ನೂ ಬಿರಿದ ಹಿಮ್ಮಡಿಯನ್ನೂ ನೋಡಿದ. ಒಂದು ದಾಳಿಂಬೆ ಒಡೆದು, ಕಾಳು ಬಿಡಿಸಿ, ಅರ್ಧವನ್ನು ಅಪ್ಪನ ಅಂಗೈಗೆ ಸುರಿದ. ದೊಡ್ಡಬಸಪ್ಪನಿಗೆ ಅದನ್ನು ತಿನ್ನಲು ಬಹಳ ಹೊತ್ತು ಹಿಡಿಯಿತು. ಇಂಥ ಮಗನನ್ನು ಕೊಟ್ಟದ್ದಕ್ಕೆ ಶಿವನಿಗೆ ಮನಸ್ಸಿನಲ್ಲೇ ಶರಣು ಮಾಡಿದ.

ಮರುದಿನ ಹಂಪಣ್ಣ ಮತ್ತೆ ಪೇಟಿ ತೆಗೆದ. ಇದ್ದ ಎಂಟು ಸ್ವರಗಳಲ್ಲೇ, ಆವರೆಗೆ ಕೂಡಿಸಿದ್ದಷ್ಟನ್ನು ಬಾರಿಸಿ ನೋಡುತ್ತಿದ್ದ. ಇಲ್ಲದ ಸ್ವರ ಬಂದಲ್ಲಿ ಗಾಳಿ ಉಸ್ಸೆನ್ನುತ್ತಿತ್ತು. ದೊಡ್ಡಬಸಪ್ಪ ಕಂಬಳಿ ಹೊದ್ದು ಪಡಸಾಲೆಯಲ್ಲೇ ಮಲಗಿದ್ದ. ಒಳಗೆ ಸೊಸೆ ಪಂಪಮ್ಮ, ಈಶಪ್ಪನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಸಪ್ಪಳ ಕೇಳುತ್ತಿತ್ತು. ಪೇಟಿ ಒಂದು ಕಡೆ ಉಸ್ ಎಂದಿತು. ಅದೇ ಗಳಿಗೆಗೆ ಅಡುಗೆಮನೆಯಿಂದ ಒಂದು ದನಿ ಆ ಜಾಗದಲ್ಲಿ ಬಂದು ಕೂತಿತು. ಸಣ್ಣ ದನಿ, ಸರಿಯಾದ ತೀವ್ರ ಮಧ್ಯಮ.

ಹಂಪಣ್ಣನ ಕೈ ನಿಂತಿತು. ರೊಟ್ಟಿಯ ಸಪ್ಪಳವೂ ನಿಂತಿತು.

ವಾರಗಟ್ಟಲೆ ಅದೇ ಸಾಲುಗಳನ್ನು ಕೇಳುತ್ತ ರೊಟ್ಟಿ ಬಡಿದಿದ್ದವಳಿಗೆ ಅದು ಬಾಯಿಗೆ ಬಂದಿತ್ತು, ಖಾಲಿ ಬಿದ್ದ ಕಡೆ ತಾನಾಗಿ ದನಿ ಹೊರಟಿತು, ಅಷ್ಟೇ. ಆದರೆ ಮಾವ ಪಡಸಾಲೆಯಲ್ಲಿರುವಾಗ ಸೊಸೆಯ ದನಿ ಹೊಸ್ತಿಲು ದಾಟುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಪಂಪಮ್ಮ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಒಲೆಯ ಮುಂದೆ ಮುದುಡಿ ಕೂತಳು.

"ವೈನೀ, ಇನ್ನೊಮ್ಮೆ ಅನ್ನು," ಎಂದು ಅತ್ತಿಗೆಯನ್ನು ಕೂಗಿದ ಹಂಪಣ್ಣ.

ಬಸವಣ್ಣೆಮ್ಮ ಗೋಡೆಯ ಬುಡದಿಂದ ಹೇಳಿದಳು: "ಅನ್ನಬೇ ಪಂಪವ್ವ. ನಿಮ್ಮ ಮಾವ ಸ್ವರಾ ಮಾರಿಕೊಂಡು ಬಂದಾನ, ಅವನೇನು ಅಂದಾನು?"

ದೊಡ್ಡಬಸಪ್ಪ ಕಂಬಳಿಯಿಂದ ಮುಖ ಹೊರಗೆ ತೆಗೆದ. "ಅನ್ನಾಕ ಹೇಳ್ರಿ ಆಕಿಗೆ. ನಾ ಕೈಮುಗೀತೀನಿ, ಅನ್ನಾಕ ಹೇಳ್ರಿ."

ಹಾಗೆ ಶುರುವಾಯಿತು. ತೀವ್ರ ಮಧ್ಯಮ ಪಂಪಮ್ಮನದು, ಅಡುಗೆಮನೆಯ ಬಾಗಿಲ ಮರೆಯಿಂದ. ಕೋಮಲ ಧೈವತ ಗುರುಲಿಂಗಮ್ಮನದು. ಅವಳು ಅದನ್ನು ಮಕ್ಕಳನ್ನು ಊಟಕ್ಕೆ ಕರೆಯುವ ಹಾಗೆ ಕರೆಯುತ್ತಿದ್ದಳು, ಆದರೆ ಸರಿಯಾಗಿ ಕರೆಯುತ್ತಿದ್ದಳು. ಶುದ್ಧ ನಿಷಾದಕ್ಕೆ ಈಶಪ್ಪನನ್ನು ಹಿಡಿದರು. "ನನಗ ಇದ ಒಂದು ಕಡಿಮಿ ಇತ್ತು," ಎಂದು ಗೊಣಗುತ್ತ ಒಪ್ಪಿದವನು ನಾಲ್ಕು ದಿನದಲ್ಲಿ ಅಂಗಡಿಯ ತಕ್ಕಡಿ ಹಿಡಿದಾಗಲೂ ನಿಷಾದ ಗುನುಗತೊಡಗಿದ. ಗಿರಾಕಿಗಳು ಈಗ ಪೇಟಿಯ ಸುದ್ದಿ ಬಿಟ್ಟು ಸಾವುಕಾರನ ಮಗನ ತಲೆಯ ಸುದ್ದಿ ಮಾತಾಡಿದರು.

ಉಳಿದದ್ದು ಕೋಮಲ ರಿಷಭ, ಅದು ದೊಡ್ಡಬಸಪ್ಪನ ಪಾಲಿಗೆ ಬಂತು. ನಾಲ್ವರಲ್ಲಿ ಹಾಡು ಬಲ್ಲವನು ಅವನೊಬ್ಬನೇ, ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದೂ ಅವನಿಗೇ. ಕೋಮಲ ರಿಷಭ ಷಡ್ಜದ ಮಗ್ಗುಲಲ್ಲೇ ಇರುವ ಸ್ವರ. ಬುದ್ಧಿ ಬಂದಾಗಿನಿಂದ ಯಾವ ಪದ ಹಾಡಿದರೂ ಷಡ್ಜಕ್ಕೆ ಇಳಿಸಿ ಕೈಮುಗಿದ ಗಂಟಲು ಅದು. ರಿಷಭ ಹಿಡಿದು ಅರೆಗಳಿಗೆಯೂ ಆಗುವುದಿಲ್ಲ, ಮೆಲ್ಲಗೆ ಜಾರಿ ಕೆಳಗೆ ಕೂತುಬಿಡುತ್ತಿತ್ತು.

"ಮತ್ತ ಇಳದ್ರಿ ಅಪ್ಪಾ."

"ನಾ ಇಳೀಲಿಲ್ಲ. ಅದ ಇಳೀತು."

"ಏ ದೊಡ್ಡಬಸ್ಯಾ," ಎಂದಳು ಬಸವಣ್ಣೆಮ್ಮ, "ಸೊಸಿ ಹಿಡದಾಳ, ನೀ ಹಿಡಿಯಾಕ ಒಲ್ಲಿ. ನಾಚಿಗಿ ಬರೂದಿಲ್ಲೇನು?"

ನಾಚಿಕೆಯೇನೋ ಬಂತು. ದೊಡ್ಡಬಸಪ್ಪ ಗೋದಾಮಿಗೆ ಹೋಗಿ, ಅಕ್ಕಿ ಚೀಲಗಳ ನಡುವೆ ನಿಂತು ರೂಢಿ ಮಾಡಿದ. ಸ್ನಾನದಲ್ಲಿ ಮಾಡಿದ. ಹಮಾಲರು ಚೀಲ ಇಳಿಸುವುದು ಬಿಟ್ಟು ನೋಡುತ್ತಿದ್ದರು. ಹಂಪಣ್ಣ ಈ ನಡುವೆ ಒಂದೊಂದೇ ಸಾಲು ಮುಂದುವರಿಸುತ್ತಿದ್ದ. ಮನುಷ್ಯರ ಗಂಟಲಿಗೆ ಏನು ಸಾಧ್ಯ, ಉಸಿರು ಎಲ್ಲಿತನಕ ಬರುತ್ತದೆ ಎಂದು ನೋಡಿ ನೋಡಿ, ಮೊದಲು ಕೂಡಿಸಿದ್ದನ್ನು ಎಷ್ಟೋ ಕಡೆ ಒಡೆದು ಕಟ್ಟಿದ. ಅವನ ಕಣ್ಣಿನ ಅರಿಷಿಣ ಇಳಿಯಿತು. ಊಟಕ್ಕೆ ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ ಮರಳಿ ಬಂದವು. ಊಟದ ನಡುವೆ ತಂದೆ ಮಗ ಇಬ್ಬರೂ ಸ್ವರದ ಮಾತು ತೆಗೆದು ವಾದಕ್ಕೆ ಬಿದ್ದರೆ ರೊಟ್ಟಿ ಆರಿಹೋಗುತ್ತಿತ್ತು, ಗುರುಲಿಂಗಮ್ಮ ಬಯ್ಯುತ್ತಿದ್ದಳು. ಬಯ್ಯುತ್ತಲೇ ಒಳಗೆ ಹೋಗಿ ಸೊಸೆಯ ಕೈ ಹಿಡಿದು, "ಹಿಂಗ ಜಗಳಾಡಿಕೋತ ಇರ್ಲಿ ನೋಡು," ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಶ್ರಾವಣದ ಕೊನೆಯ ಸೋಮವಾರ ಸಂಜೆ, ಒಪ್ಪತ್ತಿನ ಅಡುಗೆ ಒಲೆಯ ಮೇಲಿದ್ದಾಗ, ಪೂರ್ತಿ ಕೂಡಿಸಿದ್ದನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ನಡೆಸುವುದೆಂದಾಯಿತು. ಮರುದಿನ ಹಂಪಣ್ಣ ಮುಂಬೈಗೆ ಹೊರಡಬೇಕು. ಈಶಪ್ಪ ಅಂಗಡಿ ಬೇಗ ಮುಚ್ಚಿ ಬಂದ. ಪಂಪಮ್ಮ ಬಾಗಿಲ ಮರೆಯಲ್ಲಿ ನಿಂತಳು. ಸೆರಗಿನ ಅಂಚು ಮಾತ್ರ ಪಡಸಾಲೆಗೆ ಕಾಣುತ್ತಿತ್ತು.

ಕೊನೆಗೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಪೇಟಿ ನಿಲ್ಲುತ್ತದೆ. ಉಳಿದ ಮೂವರೂ ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ದೊಡ್ಡಬಸಪ್ಪನ ಕೋಮಲ ರಿಷಭವೊಂದೇ ಉಳಿಯಬೇಕು, ಆಸರೆ ಇಲ್ಲದೆ. ಅದು ಜಾರಿ ಷಡ್ಜಕ್ಕೆ ಬಂದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ವ್ಯರ್ಥ. ಆ ವಾರದಲ್ಲಿ ಅವನು ಜಾರದೆ ಹಿಡಿದದ್ದು ಒಮ್ಮೆಯೂ ಇರಲಿಲ್ಲ. ಬೇಕಾದರೆ ಕೊನೆಯ ಸ್ವರ ಬದಲಿಸುತ್ತೇನೆ ಎಂದು ಮಗ ಹೇಳಿದ್ದ. ಬೇಡ ಎಂದಿದ್ದ ತಂದೆ.

ಪೇಟಿ ನಿಂತಿತು. ಈಶಪ್ಪ ನಿಂತ. ಗುರುಲಿಂಗಮ್ಮ ನಿಂತಳು. ಬಾಗಿಲ ಮರೆಯ ದನಿ ತೆಳ್ಳಗಾಗಿ ನಿಂತಿತು. ದೊಡ್ಡಬಸಪ್ಪ ಒಬ್ಬನೇ ಉಳಿದ. ಗಂಟಲು ಕೆಳಗಿಳಿಯಲು ಜಗ್ಗಿತು, ಎಂದಿನ ಹಾಗೆ. ಇಳಿದರೆ ಎಷ್ಟು ಸುಖ ಎಂಬುದು ಅವನಿಗೆ ಗೊತ್ತಿತ್ತು. ಅವನು ಎದುರಿಗೆ ಕೂತ ಮಗನ ಮುಖವನ್ನೇ ನೋಡುತ್ತ ಹಿಡಿದ. ಕಣ್ಣಲ್ಲಿ ನೀರು ಬಂತು, ಕೊರಳಿನ ನರ ಉಬ್ಬಿತು. ಉಸಿರು ಇರುವವರೆಗೂ ಹಿಡಿದ. ಇಳಿಯಲಿಲ್ಲ.

ಬಸವಣ್ಣೆಮ್ಮ ಕಾದು ಕಾದು ಕೇಳಿದಳು: "ಮುಗೀತೇನು?"

"ಮುಗೀತು ಆಯಿ."

"ಹಂಗಾರ ಏಳ್ರಿ ಊಟಕ್ಕ. ಹೊಟ್ಟಿ ತಾಳ ಹಾಕಾಕತ್ತೈತಿ."

ಹಂಪಣ್ಣ ಎದ್ದು ಬಂದು ಅಪ್ಪನ ಕಾಲಿಗೆ ಹಣೆ ಹಚ್ಚಿದ. ಅವ್ವನಿಗೆ, ಅಣ್ಣನಿಗೆ, ಬಾಗಿಲ ಹತ್ತಿರ ಹೋಗಿ ವೈನಿಗೆ, ಎಲ್ಲರಿಗೂ ನಮಸ್ಕಾರ ಮಾಡಿದ. "ನಿಮ್ಮ ಋಣ ತೀರಸಾಕ ಆಗೂದಿಲ್ಲ ನನಗ," ಎಂದ. ಪಂಪಮ್ಮ, "ಉಣಬರ್ರಿ ಮೊದಲ," ಎಂದು ಒಳಗೆ ಓಡಿದಳು.

ಮರುದಿನ ಕೊಪ್ಪಳದಲ್ಲಿ ರೈಲು ಹತ್ತಿ ಹೋದವನು ಗಣೇಶ ಚೌತಿಯ ಹಿಂದಿನ ದಿನ ಮರಳಿ ಬಂದ. ದೊಡ್ಡಬಸಪ್ಪ ಬೆಳಗಿನಿಂದ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತಿದ್ದ. ಅಂಗಡಿಗೆ ಬಂದ ಗಿರಾಕಿಯನ್ನು ಈಶಪ್ಪನೇ ನೋಡಿಕೊಂಡ. ಮಗ ಟ್ರಂಕು ಹಿಡಿದು ಇಳಿದ.

"ಉಂಡಿಯೇನು?"

"ಕೊಪ್ಪಳದಾಗ ಉಂಡೆನ್ರಿ."

"ಕೇಳಿದ್ರೇನು ನಿಮ್ಮ ಮಾಸ್ತರ?"

"ಕೇಳಿದ್ರು ಅಪ್ಪಾ. ಅವರ ಪಿಯಾನೋದಾಗ ಹನ್ನೆರಡೂ ಸ್ವರ ಇದ್ದವು. ಆದ್ರ ನಾ ಆ ನಾಕು ಮುಟ್ಟಲಿಲ್ಲ. ಇವನ್ನ ಮಂದಿ ಹಾಡಬೇಕು ಅಂದೆ. ಕೆಳಗಿನ ಮನಿ ಪಾರಸಿ ಮುದುಕಿ ವೈನಿದು ಹಾಡಿದ್ಲು. ಅಡಗಿಯಾಂವ ಅಣ್ಣಂದು ಹಾಡಿದ. ನಿಮ್ಮದು ನಾ ಹಾಡಿದೆ. ಅವ್ವಂದು ಮಾಸ್ತರ ತಾವ ಹಾಡಿದ್ರು." ಹಂಪಣ್ಣ ಟ್ರಂಕನ್ನು ನೆಲಕ್ಕಿಟ್ಟು ಮುಂದುವರಿದ. "ಹಾಡಿ, ಈ ದನಿ ಯಾರದು ಅಂದ್ರು. ನಮ್ಮವ್ವಂದು ಅಂದೆ. ಅವರ ಅವ್ವ ಊರು ಬಿಟ್ಟು ಬರಾಕ ಒಪ್ಪಲಿಲ್ಲಂತ ಅಪ್ಪಾ. ಯುದ್ಧದಾಗ ಹೋದ್ಲಂತ."

ದೊಡ್ಡಬಸಪ್ಪ ಕಟ್ಟೆಯ ಕಲ್ಲನ್ನೇ ನೋಡುತ್ತ ಕೂತ. ನೋಡದ ಆ ಮುದುಕನ ಮೇಲೆ ಅವನಿಗೆ ತನ್ನ ಒಡಹುಟ್ಟಿದವನ ಮೇಲೆ ಬರುವಂಥ ಮಮತೆ ಬಂತು.

"ಮತ್ತ ಸರಿ ಐತಿ ಅಂದ್ರೇನು?"

"ಎರಡು ಕಡೆ ತಿದ್ದಿದ್ರು. ಉಳದದ್ದು ಸರಿ ಐತಿ ಅಂದ್ರು. ಕಡೀ ಸ್ವರ ಮಾತ್ರ ಎಂದೂ ಮುಟ್ಟಬ್ಯಾಡ ಅಂದ್ರು. ಆಮ್ಯಾಲ ಕಾಗದದ ಮ್ಯಾಲ ಊರಾಗ ಹಾಡಿದ ನಾಕು ಮಂದಿ ಹೆಸರು ಬರಿ ಅಂದ್ರು. ಬರದ ಕೊಟ್ಟೆ. ನಿಮ್ಮೆಲ್ಲಾರ ಹೆಸರೂ ಅವರ ಕೂಡ ಹಡಗು ಹತ್ಯಾವು."

"ಪಂಪಮ್ಮಂದೂ?"

"ವೈನಿದ ಮೊದಲ ಬರದೀನ್ರಿ."

ದೊಡ್ಡಬಸಪ್ಪ ಬಹಳ ದಿನಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಗ ಆಡಿದ. "ತಪ್ಪಾತು ಮಗನ. ಆಗಿಂದೂ ತಪ್ಪಾತು, ಈಗಿಂದೂ ತಪ್ಪಾತು."

"ಈಗಿಂದು ತಪ್ಪು ಅನಬ್ಯಾಡ್ರಿ ಅಪ್ಪಾ," ಎಂದ ಹಂಪಣ್ಣ. ಆಗಿನದರ ಬಗ್ಗೆ ಏನೂ ಅನ್ನಲಿಲ್ಲ. ಅದು ತಪ್ಪೇ ಆಗಿತ್ತು, ಇಬ್ಬರಿಗೂ ಗೊತ್ತಿತ್ತು. "ದಸರಾತನಕ ಇಲ್ಲೇ ಇರತೀನಿ. ಆಮ್ಯಾಲ ಹೋಗಬೇಕು."

"ಹೋಗು. ಹೋಗಿ ಬರ್ಕೋತ ಇರು."

ಅಷ್ಟರಲ್ಲಿ ಹಮಾಲನೊಬ್ಬ ಓಡಿ ಬಂದು ಟ್ರಂಕಿಗೆ ಕೈ ಹಾಕಿದ. ದೊಡ್ಡಬಸಪ್ಪ ಅವನ ಕೈ ಸರಿಸಿ, ರುಮಾಲು ಬಿಚ್ಚಿ ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡ. "ಅಪ್ಪಾ, ನಾ ತರ್ತೀನಿ," ಎಂದು ಹಂಪಣ್ಣ ಅಡ್ಡ ಬಂದರೂ ಕೇಳದೆ ಬಗ್ಗಿ ಟ್ರಂಕನ್ನು ಎತ್ತಿ ಹೊತ್ತ. ಒಂದು ಸೇರು ಅಕ್ಕಿಯನ್ನೂ ತಾನಾಗಿ ಹೊತ್ತು ಗೊತ್ತಿಲ್ಲದ ಸಾವುಕಾರ. ಎರಡೂ ಬದಿಯ ಅಂಗಡಿಯವರು ಎದ್ದು ನಿಂತು, ಇದೇನ್ರಿ ಸಾವುಕಾರ್ರ, ಏನಾತು, ಎಂದು ಕೇಳತೊಡಗಿದರು.

"ಏನೂ ಆಗಿಲ್ಲ," ಎನ್ನುತ್ತ ದೊಡ್ಡಬಸಪ್ಪ ನಡೆದ. "ನನ್ನ ಮಗ ಬಂದಾನ."